ಶ್ರುತಿ ಹಿಡಿದವರ ಹೆಸರು

'ಹೈ ಸ್ಟೆಪ್' ಎಂಬ ಜಾಝ್ ಆಲ್ಬಮ್ಮನ್ನು ಅಮೆರಿಕದ ಬ್ಲೂ ನೋಟ್ ಕಂಪನಿ 1975ರಲ್ಲಿ ಹೊರತಂದಿತು. ಎರಡು ಎಲ್‌ಪಿ ತಟ್ಟೆಗಳ ಜೋಡಿ. ಅದು ಇಬ್ಬರ ಹೆಸರಿನಲ್ಲಿ ಬಂತು: ಡಬಲ್ ಬಾಸ್ ನುಡಿಸುವ ಪಾಲ್ ಚೇಂಬರ್ಸ್ ಮತ್ತು ಟೆನರ್ ಸ್ಯಾಕ್ಸೋಫೋನ್ ನುಡಿಸುವ ಜಾನ್ ಕೋಲ್ಟ್ರೇನ್. ಆದರೆ ಆ ಆಲ್ಬಮ್ ಅಂಗಡಿಗೆ ಬಂದಾಗ ಇಬ್ಬರೂ ಬದುಕಿರಲಿಲ್ಲ. ಕೋಲ್ಟ್ರೇನ್ 1967ರಲ್ಲಿ ನಲವತ್ತನೆಯ ವಯಸ್ಸಿಗೆ, ಚೇಂಬರ್ಸ್ 1969ರ ಜನವರಿಯಲ್ಲಿ ಮೂವತ್ತಮೂರಕ್ಕೆ ತೀರಿಕೊಂಡಿದ್ದರು. ತಟ್ಟೆಯೊಳಗಿದ್ದದ್ದು ಅವರು 1950ರ ದಶಕದ ನಡುವಿನಲ್ಲಿ ನುಡಿಸಿದ್ದ ಸಂಗೀತ.

ಆಗ ಇಬ್ಬರೂ ಮೈಲ್ಸ್ ಡೇವಿಸ್ ಅವರ ಐವರ ತಂಡದಲ್ಲಿದ್ದರು. 1956ರ ಮಾರ್ಚಿನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಚೇಂಬರ್ಸ್ ತಮ್ಮ ಹೆಸರಿನಲ್ಲಿ ಒಂದು ರೆಕಾರ್ಡಿಂಗ್ ಮಾಡಿದರು. ಪಿಯಾನೋಗೆ ಕೆನ್ನಿ ಡ್ರೂ, ಡ್ರಮ್ಸ್‌ಗೆ ಫಿಲಿ ಜೋ ಜೋನ್ಸ್, ಸ್ಯಾಕ್ಸೋಫೋನಿಗೆ ಕೋಲ್ಟ್ರೇನ್. ನಾಯಕನಿಗೆ ಇನ್ನೂ ಇಪ್ಪತ್ತೊಂದು ತುಂಬಿರಲಿಲ್ಲ. ಕೋಲ್ಟ್ರೇನ್ ಎಂಟೊಂಬತ್ತು ವರ್ಷಕ್ಕೆ ಹಿರಿಯರು, ಆದರೂ ಅಂದು ಅವರು ಕರೆಗೆ ಬಂದು ನುಡಿಸಿದವರು. ಮುಂದೆ ಕೋಲ್ಟ್ರೇನ್ ಹೆಸರು ಎಷ್ಟು ದೊಡ್ಡದಾಯಿತೆಂದರೆ, ಹಳೆಯ ತಟ್ಟೆಯನ್ನು ಮತ್ತೆ ಮಾರಬೇಕಾದರೆ ಆ ಹೆಸರು ಬೇಕೇಬೇಕಾಯಿತು. ಅಂದರೆ ಇಲ್ಲಿ ಜಂಟಿ ನಾಯಕತ್ವ ಎನ್ನುವುದು ಸ್ಟುಡಿಯೋದಲ್ಲಿ ನಡೆದದ್ದಲ್ಲ, ಹೊದಿಕೆಯ ಮೇಲೆ ನಡೆದದ್ದು. ಇದರಲ್ಲಿ ಮೋಸವೇನಿಲ್ಲ. ಕಡೆಗೂ ಬಾಸ್ ವಾದಕನ ಹೆಸರು ಅಲ್ಲಿ ಉಳಿಯಿತು, ಅದೂ ಮೊದಲು. ಬಾಸ್ ವಾದಕರ ಮಟ್ಟಿಗೆ ಇದು ಸಣ್ಣ ಮಾತಲ್ಲ.

ನನ್ನ ಪಿಎಚ್.ಡಿ. ವಿಷಯಕ್ಕೂ ಜಾಝಿಗೂ ನೇರ ಸಂಬಂಧವಿಲ್ಲ. ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಓಲಗದ ಮೇಳಗಳ ಬಗ್ಗೆ ನಾನು ಕೆಲಸ ಮಾಡುತ್ತಿದ್ದೇನೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ವಾಲಗದವರ ಬಗ್ಗೆ. ಊರೂರು ಅಲೆದು ಬಂದ ರಾತ್ರಿ ಹಾಸ್ಟೆಲ್ಲಿನಲ್ಲಿ ಕೂತು ಟಿಪ್ಪಣಿ ತಿದ್ದುವಾಗ ಕಿವಿಗೆ ಹಾಕಿಕೊಳ್ಳುತ್ತಿದ್ದದ್ದು ಈ ಹಾರ್ಡ್ ಬಾಪ್ ಆಲ್ಬಮ್ಮುಗಳು. ಎರಡೂ ಬೇರೆ ಬೇರೆ ಎಂದೇ ಅಂದುಕೊಂಡಿದ್ದೆ. ಟಿಪ್ಪಣಿಯಲ್ಲಿ ಒಂದು ಕಲಮು ಮಾತ್ರ ಖಾಲಿ ಉಳಿಯುತ್ತಾ ಬಂದಾಗ ಎರಡೂ ಒಂದಕ್ಕೊಂದು ತಾಗತೊಡಗಿದವು. ಆ ಕಲಮು ಶ್ರುತಿ ಹಿಡಿದವರದು.

ಹಾರ್ಡ್ ಬಾಪ್ ಬಗ್ಗೆ ಎರಡು ಮಾತು ಹೇಳಬೇಕು. 1940ರ ದಶಕದಲ್ಲಿ ಚಾರ್ಲಿ ಪಾರ್ಕರ್, ಡಿಜ್ಜಿ ಗಿಲೆಸ್ಪಿ ಮೊದಲಾದವರು ಕಟ್ಟಿದ ಬೀಬಾಪ್ ಬಹಳ ವೇಗದ, ಜಟಿಲವಾದ ಸಂಗೀತ. ಮುಂದಿನ ದಶಕದ ನಡುವೆ ಹೊರೇಸ್ ಸಿಲ್ವರ್, ಆರ್ಟ್ ಬ್ಲೇಕಿಯಂಥ ಕಪ್ಪು ಸಂಗೀತಗಾರರು ಆ ವಿದ್ಯೆಯನ್ನು ಬಿಡದೆ, ಅದಕ್ಕೆ ತಮ್ಮ ಚರ್ಚಿನ ಹಾಡನ್ನೂ ಬ್ಲೂಸನ್ನೂ ಮತ್ತೆ ಬೆರೆಸಿದರು. ರಾಗಂ ತಾನಂ ಪಲ್ಲವಿ ಕಲಿತವರು ಭಜನೆ ಮನೆಗೆ ಬಂದು ಕೂತಂತೆ ಎಂದು ನಾನು ಗೆಳೆಯರಿಗೆ ಹೇಳುವುದುಂಟು. ಹೋಲಿಕೆ ಪೂರ್ತಿ ಹೊಂದುವುದಿಲ್ಲ, ಆದರೆ ಹೊಸ ಕಿವಿಗೆ ದಾರಿಯಾಗುತ್ತದೆ. ಈ ಸಂಗೀತದಲ್ಲಿ ಬಾಸ್ ವಾದಕ ತಾಳದ ನಾಲ್ಕೂ ಪೆಟ್ಟಿಗೆ ಒಂದೊಂದು ಸ್ವರ ಮೀಟುತ್ತಾ ಹೋಗುತ್ತಾರೆ. ಹೆಜ್ಜೆ ಹಾಕಿ ನಡೆದಂತೆ ಕೇಳುವುದರಿಂದ ಅದಕ್ಕೆ ವಾಕಿಂಗ್ ಬಾಸ್ ಎಂದೇ ಹೆಸರು. ಕೇಳುವವರ ಗಮನ ಸ್ಯಾಕ್ಸೋಫೋನಿನ ಮೇಲೆ. ಸ್ಯಾಕ್ಸೋಫೋನ್ ಊದುವವರ ಗಮನ ಬಾಸಿನ ಮೇಲೆ.

ಕೋಲ್ಟ್ರೇನ್‌ಗೆ ಇದು ಚೆನ್ನಾಗಿ ಗೊತ್ತಿತ್ತು. 'ಜೈಂಟ್ ಸ್ಟೆಪ್ಸ್' ಆಲ್ಬಮ್ಮಿನಲ್ಲಿ ಅವರು 'ಮಿಸ್ಟರ್ ಪಿ.ಸಿ.' ಎಂಬ ರಚನೆ ಮಾಡಿದರು, ಪಿ.ಸಿ. ಎಂದರೆ ಪಾಲ್ ಚೇಂಬರ್ಸ್. 1961ರ ನವೆಂಬರಿನಲ್ಲಿ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ 'ಇಂಡಿಯಾ' ಎಂಬ ರಚನೆ ನುಡಿಸುವಾಗ ಅವರು ಇಬ್ಬರು ಬಾಸ್ ವಾದಕರನ್ನು ನಿಲ್ಲಿಸಿಕೊಂಡರು, ಜಿಮ್ಮಿ ಗ್ಯಾರಿಸನ್ ಮತ್ತು ರೆಜ್ಜಿ ವರ್ಕ್‌ಮನ್. ಆ ಹೊತ್ತಿಗೆ ಅವರು ರವಿಶಂಕರ್ ಅವರ ತಟ್ಟೆಗಳನ್ನು ಕೇಳುತ್ತಿದ್ದರು. 'ಇಂಡಿಯಾ'ದಲ್ಲಿ ಸ್ವರಮೇಳ ಒಂದರಿಂದ ಇನ್ನೊಂದಕ್ಕೆ ಜಿಗಿಯುವುದಿಲ್ಲ, ಆಧಾರ ಒಂದೇ ಕಡೆ ನಿಂತಿರುತ್ತದೆ. ನಡೆಯುವುದನ್ನೇ ವೃತ್ತಿ ಮಾಡಿಕೊಂಡಿದ್ದ ಬಾಸ್ ಅಲ್ಲಿ ನಿಲ್ಲುವುದನ್ನು ಕಲಿಯಿತು. ತಂಬೂರಿಯ ಬಗ್ಗೆ ಒಂದು ಪುಸ್ತಕ ಓದಿದ್ದಕ್ಕಿಂತ ಹೆಚ್ಚು ನನಗೆ ಈ ಹದಿನಾಲ್ಕು ನಿಮಿಷದಿಂದ ಗೊತ್ತಾಯಿತು.

ಈಗ ನಮ್ಮ ಕಡೆಗೆ ಬರುತ್ತೇನೆ. ಓಲಗದ ಮೇಳವೆಂದರೆ ನಾಗಸ್ವರ, ಡೋಲು, ತಾಳ, ಮತ್ತೆ ಶ್ರುತಿ. ಹಿಂದೆ ಈ ಶ್ರುತಿ ಪೆಟ್ಟಿಗೆಯಿಂದ ಬರುತ್ತಿರಲಿಲ್ಲ, ಮನುಷ್ಯನ ಉಸಿರಿನಿಂದ ಬರುತ್ತಿತ್ತು. ಅದಕ್ಕೆ ಒತ್ತು ಎಂಬ ವಾದ್ಯ. ನೋಡಲು ನಾಗಸ್ವರದ ಹಾಗೆಯೇ ಉದ್ದ, ಆದರೆ ಬೆರಳಾಡಿಸುವ ರಂಧ್ರಗಳಿಲ್ಲ. ಕೆಳಗಡೆ ಇರುವ ರಂಧ್ರಗಳು ಶ್ರುತಿ ಹೊಂದಿಸಿಕೊಳ್ಳಲು ಮಾತ್ರ. ಬೇಡವಾದದ್ದನ್ನು ಮೇಣದಿಂದ ಮುಚ್ಚಿಬಿಡುತ್ತಾರೆ. ಅದರಿಂದ ಒಂದೇ ಸ್ವರ. ನಾಗಸ್ವರದವರು ನಿಲ್ಲಿಸಬಹುದು, ಎಲೆ ಅಡಿಕೆ ಹಾಕಿಕೊಳ್ಳಬಹುದು, ಡೋಲಿನವರಿಗೆ ಬಿಟ್ಟುಕೊಟ್ಟು ನಿಲ್ಲಬಹುದು. ಒತ್ತು ಹಿಡಿದವರು ನಿಲ್ಲಿಸುವಂತಿಲ್ಲ. ಕೆನ್ನೆಯಲ್ಲಿ ಗಾಳಿ ತುಂಬಿಕೊಂಡು, ಅದನ್ನು ವಾದ್ಯಕ್ಕೆ ನೂಕುತ್ತಲೇ ಮೂಗಿನಿಂದ ಹೊಸ ಉಸಿರು ಎಳೆದುಕೊಳ್ಳಬೇಕು. ದೇವರ ಉತ್ಸವ ಮೂರು ತಾಸು ನಡೆದರೆ ಮೂರು ತಾಸೂ ಅದೇ.

ಬಾಸ್ ಮತ್ತು ಒತ್ತು ಒಂದೇ ಎಂದು ನಾನು ಹೇಳುತ್ತಿಲ್ಲ. ಬಾಸ್ ವಾದಕ ಕ್ಷಣಕ್ಷಣಕ್ಕೂ ಸ್ವರ ಆರಿಸಿಕೊಳ್ಳುತ್ತಾರೆ. ಅದು ದೊಡ್ಡ ಸ್ವಾತಂತ್ರ್ಯ. ಚೇಂಬರ್ಸ್ ಕಮಾನು ಹಿಡಿದು ಬಾಸ್ ಮೇಲೆ ಪಿಟೀಲಿನ ಹಾಗೆ ಏಕವ್ಯಕ್ತಿ ವಾದನವನ್ನೂ ಮಾಡುತ್ತಿದ್ದರು. ಒತ್ತಿನವರಿಗೆ ಆಯ್ಕೆಯೇ ಇಲ್ಲ. ಆದರೆ ಒತ್ತು ಒಂದು ಪಾಠಶಾಲೆಯಾಗಿತ್ತು. ಮೇಳದ ಮನೆಯ ಹುಡುಗ ಮೊದಲು ಕೈಗೆತ್ತಿಕೊಳ್ಳುತ್ತಿದ್ದದ್ದು ಅದನ್ನೇ. ಅಪ್ಪನ ಅಥವಾ ಅಣ್ಣನ ಪಕ್ಕ ವರ್ಷಗಟ್ಟಲೆ ಒಂದೇ ಸ್ವರ ಊದುತ್ತಾ, ಆ ಸ್ವರಕ್ಕೆ ತಾಗಿ ಮೇಲೆ ಹೋಗುವ ರಾಗಗಳನ್ನು ಕಿವಿಯಿಂದಲೇ ಕಲಿಯುತ್ತಿದ್ದ. ನೋಟೇಶನ್ ಇಲ್ಲ, ಫೀಸಿಲ್ಲ.

ಚಾಮರಾಜನಗರದಲ್ಲಿ ಈ ಕೆಲಸಕ್ಕೆ ಹಳೆಯ ಬೇರಿದೆ. ಊರಿನ ಮೊದಲ ಹೆಸರು ಅರಿಕುಠಾರ. ಮುಮ್ಮಡಿ ಕೃಷ್ಣರಾಜ ಒಡೆಯರ ತಂದೆ ಚಾಮರಾಜ ಒಡೆಯರು ಹುಟ್ಟಿದ್ದು ಇಲ್ಲಿ. ಆ ನೆನಪಿಗೆ 1818ರಲ್ಲಿ ಊರಿಗೆ ಈಗಿನ ಹೆಸರಿಟ್ಟು, 1826ರಲ್ಲಿ ಚಾಮರಾಜೇಶ್ವರ ದೇವಸ್ಥಾನ ಕಟ್ಟಿಸಿದರು. ಆಷಾಢದಲ್ಲಿ ಅದರ ರಥೋತ್ಸವ. ಬೇರೆ ಕಡೆ ಆಷಾಢವೆಂದರೆ ಹೊಸ ಜೋಡಿಯನ್ನು ಬೇರೆ ಇಡುತ್ತಾರೆ, ಇಲ್ಲಿ ಹೊಸದಾಗಿ ಮದುವೆಯಾದವರು ಜೊತೆಯಾಗಿ ಬಂದು ತೇರಿಗೆ ಹಣ್ಣು ಜವನ ಎಸೆಯುತ್ತಾರೆ. ಗುಂಡ್ಲುಪೇಟೆಯ ಕಥೆ ಇನ್ನೂ ಹಳೆಯದು. ಸಿಂಹಾಸನಕ್ಕೆ ಬರುವ ಮೊದಲು ಚಿಕ್ಕದೇವರಾಜ ಒಡೆಯರು ಪಕ್ಕದ ಹಂಗಳದಲ್ಲಿ ಕಾವಲಿನಲ್ಲಿದ್ದರು. ತೀರಿಕೊಂಡ ತಂದೆಯ ನೆನಪಿಗೆ ಗುಂಡ್ಲುಪೇಟೆಯಲ್ಲಿ ಪರವಾಸುದೇವ ದೇವಸ್ಥಾನ ಕಟ್ಟಿಸಿದರು. 'ಗೀತಗೋಪಾಲ' ಎಂಬ ಹಾಡಿನ ಕಾವ್ಯ ಅವರ ಹೆಸರಿನಲ್ಲಿದೆ. ದೇವಸ್ಥಾನ ಪಾಳುಬಿದ್ದು ಅದರ ವಿಗ್ರಹಗಳು ಈಗ ವಿಜಯನಾರಾಯಣಸ್ವಾಮಿ ಗುಡಿಯಲ್ಲಿವೆ. ಕಟ್ಟಿಸಿದವರ ಹೆಸರು ಹೀಗೆ ಮೂರು ಶತಮಾನ ಉಳಿಯುತ್ತದೆ. ಅಲ್ಲಿ ಬೆಳಗ್ಗೆ ಸಂಜೆ ಊದಿದವರು 'ವಾದ್ಯದವರು' ಎಂಬ ಒಂದು ಪದದಲ್ಲಿ ಮುಗಿಯುತ್ತಾರೆ. ಇಂದಿಗೂ ಲಗ್ನಪತ್ರಿಕೆಯಲ್ಲಿ ಅಡುಗೆಯವರ ಹೆಸರು ಬಂದರೂ ಬಂದೀತು, ಓಲಗದವರದು 'ಮಂಗಳವಾದ್ಯ'. ಈ ಭಾಗದ ಮೇಳಗಳಲ್ಲಿ ಬಹುಪಾಲು ಸವಿತಾ ಸಮಾಜದ ಕುಟುಂಬಗಳು ಎನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ನಾನು ನಂಬುವುದಿಲ್ಲ. ಮಂಗಳ ಬೇಕು, ಮಂಗಳ ತಂದವರ ಜೊತೆ ಪಂಕ್ತಿ ಬೇಡ ಎಂಬುದು ಬಹುಕಾಲ ನಡೆದುಬಂದ ರೀತಿ.

ನಮ್ಮ ಜಿಲ್ಲೆಯ ನಟ ರಾಜ್‌ಕುಮಾರ್ ಓಲಗದವನ ಪಾತ್ರ ಮಾಡಿದ 'ಸನಾದಿ ಅಪ್ಪಣ್ಣ' 1977ರಲ್ಲಿ ಬಂತು. ತೆರೆಯ ಮೇಲೆ ಅಪ್ಪಣ್ಣ ಊದಿದಾಗ ಕೇಳುವುದು ಬಿಸ್ಮಿಲ್ಲಾ ಖಾನರ ಶಹನಾಯಿ, ಸಂಗೀತ ಜಿ.ಕೆ. ವೆಂಕಟೇಶ್ ಅವರದು. ನಾನು ಮಾತಾಡಿಸಿದ ವಾಲಗದ ಮನೆಗಳಲ್ಲಿ ಈ ಚಿತ್ರದ ಮಾತು ಬಾರದ ಮನೆ ಕಡಿಮೆ. ತಮ್ಮ ಕಸುಬು ನಾಯಕನ ಕಸುಬಾಗಿದ್ದು ಅವರಿಗೆ ಅದೊಂದೇ ಸಲ.

ಸ್ಯಾಕ್ಸೋಫೋನ್ ಬಂದದ್ದು ಅರಮನೆಯಿಂದ. ಮೈಸೂರು ಅರಮನೆ ಎರಡು ಬ್ಯಾಂಡುಗಳನ್ನು ಸಾಕಿತ್ತು, ಕರ್ನಾಟಕ ಬ್ಯಾಂಡ್ ಮತ್ತು ಇಂಗ್ಲಿಷ್ ಬ್ಯಾಂಡ್. ಆ ಪರಂಪರೆ ಈಗ ಪೊಲೀಸ್ ಬ್ಯಾಂಡ್ ರೂಪದಲ್ಲಿ ದಸರೆಯಲ್ಲಿ ಕೇಳುತ್ತದೆ. ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾದವರಲ್ಲಿ ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ಹುಡುಗನೊಬ್ಬ ಇದ್ದ. 1949ರಲ್ಲಿ ಹುಟ್ಟಿದ ಗೋಪಾಲನಾಥ್. ತಂದೆ ತನಿಯಪ್ಪ ನಾಗಸ್ವರ ವಿದ್ವಾಂಸರು. ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಕಲಿತು, ಮುಂದೆ ಮದ್ರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರ ಶಿಷ್ಯರಾದರು. ಕೀಲಿ ಒತ್ತಿದರೆ ನಿರ್ದಿಷ್ಟ ಸ್ವರ ಬರುವ ವಾದ್ಯದಿಂದ ಗಮಕ ಹೊರಡಿಸುವುದು ವರ್ಷಗಳ ಕೆಲಸ. ಅದನ್ನು ಸಾಧಿಸಿದ ಮೇಲೆ ಅವರು ಕದ್ರಿ ಗೋಪಾಲನಾಥ್ ಆದರು.

1980ರಲ್ಲಿ ಬೊಂಬಾಯಿಯ ಜಾಝ್ ಉತ್ಸವದಲ್ಲಿ ಕದ್ರಿಯವರ ವಾದನ ಕೇಳಿದ ಅಮೆರಿಕದ ಜಾನ್ ಹ್ಯಾಂಡಿ, ತಾವೂ ಜೊತೆಗೆ ನುಡಿಸಬಹುದೇ ಎಂದು ಕೇಳಿ ವೇದಿಕೆ ಹತ್ತಿದರು. ಕದ್ರಿಯವರ ಬಗ್ಗೆ ಬರೆಯುವವರೆಲ್ಲ ಈ ಪ್ರಸಂಗ ಹೇಳುತ್ತಾರೆ. ಹ್ಯಾಂಡಿ ಎಲ್ಲಿಂದ ಬಂದವರು ಎಂಬುದನ್ನು ಮಾತ್ರ ಹೇಳುವುದಿಲ್ಲ. 1959ರ 'ಮಿಂಗಸ್ ಆ ಉಮ್' ಆಲ್ಬಮ್ಮಿನಲ್ಲಿ ಸ್ಯಾಕ್ಸೋಫೋನ್ ಊದಿದವರಲ್ಲಿ ಅವರೊಬ್ಬರು. ಚಾರ್ಲ್ಸ್ ಮಿಂಗಸ್ ಬಾಸ್ ವಾದಕ. ಹಿಂದೆ ನಿಲ್ಲುವವನ ವಾದ್ಯ ಹಿಡಿದು, ಇಡೀ ತಂಡವನ್ನು ಬಾಸಿನಿಂದಲೇ ಗದರಿಸಿ ನಡೆಸಿದ ಮನುಷ್ಯ.

ಮಿಂಗಸ್ ಜೊತೆ ನುಡಿಸಿದ ಇನ್ನೊಬ್ಬ ಆಲ್ಟೋ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೋ ಬೆಂಗಳೂರಿನ ತನಕ ಬಂದರು. 1923ರಲ್ಲಿ ಬಾಸ್ಟನ್ನಿನಲ್ಲಿ ಇಟಲಿಯಿಂದ ವಲಸೆ ಬಂದವರ ಮಗನಾಗಿ ಹುಟ್ಟಿ, ಪಾರ್ಕರ್ ದಾರಿಯಲ್ಲಿ ಬೆಳೆದು, 1963ರಲ್ಲಿ ಮಿಂಗಸ್ ಅವರ 'ದ ಬ್ಲ್ಯಾಕ್ ಸೇಂಟ್ ಅಂಡ್ ದ ಸಿನ್ನರ್ ಲೇಡಿ' ಆಲ್ಬಮ್ಮಿನಲ್ಲಿ ನುಡಿಸಿದವರು. ಅದೇ ದಶಕದ ಕೊನೆಯ ಭಾಗದಲ್ಲಿ ಮಲೇಷ್ಯಾದ ರೇಡಿಯೋ ವಾದ್ಯವೃಂದಕ್ಕೆ ಕಲಿಸಲು ಕೌಲಾಲಂಪುರಕ್ಕೆ ಹೋದಾಗ ಅಲ್ಲಿ ನಾಗಸ್ವರ ಕೇಳಿದರು, ಕಲಿಯಲು ಕೂತರು. ಮುಂದೆ ದಕ್ಷಿಣ ಭಾರತಕ್ಕೂ ಬಂದು ಅಭ್ಯಾಸ ಮಾಡಿ, ತಮ್ಮ ತಟ್ಟೆಗಳಲ್ಲೂ ನಾಗಸ್ವರ ಊದಿದರು. ನಾಗಸ್ವರದ ಮನೆಯ ಮಗ ಸ್ಯಾಕ್ಸೋಫೋನಿಗೆ ಹೋದ ಕಾಲದಲ್ಲೇ ಸ್ಯಾಕ್ಸೋಫೋನಿನ ಉಸ್ತಾದನೊಬ್ಬ ನಾಗಸ್ವರಕ್ಕೆ ಬಂದ! ಇಬ್ಬರೂ ತಮ್ಮಲ್ಲಿಲ್ಲದ್ದನ್ನು ಹುಡುಕಿ ಹೋದವರೇ. ಆದರೆ ಒಂದು ವ್ಯತ್ಯಾಸ ನನ್ನನ್ನು ಕಾಡುತ್ತದೆ. ಮರಿಯಾನೋ ನಾಗಸ್ವರ ಹಿಡಿದದ್ದರಿಂದ ಸ್ಯಾಕ್ಸೋಫೋನ್ ಬಿಟ್ಟವರು ಯಾರೂ ಇಲ್ಲ. ಕದ್ರಿಯವರ ಯಶಸ್ಸು ಕಂಡ ಮೇಲೆ ನಾಗಸ್ವರವನ್ನು ಅಟ್ಟಕ್ಕೆ ಹಾಕಿದ ಮನೆಗಳನ್ನು ನಾನೇ ಕಂಡಿದ್ದೇನೆ. ಇದು ಅವರ ಮೇಲಿನ ದೂರಲ್ಲ; ಅವರಿಂದಾಗಿ ಆ ಮನೆಗಳಿಗೆ ಮದುವೆ ಮಂಟಪದಲ್ಲಿ ಕುರ್ಚಿ ಸಿಕ್ಕಿತು, ಬ್ಯಾನರಿನಲ್ಲಿ ಹೆಸರು ಬಂತು.

ಮರಿಯಾನೋ 1983ರ ಫೆಬ್ರವರಿಯಲ್ಲಿ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದೊಂದಿಗೆ ಜರ್ಮನಿಯಲ್ಲಿ 'ಜ್ಯೋತಿ' ಆಲ್ಬಮ್ ಮಾಡಿದರು. ಇಸಿಎಂ ಕಂಪನಿ ಅದನ್ನು ಪ್ರಕಟಿಸಿತು. ಆರ್.ಎ. ರಮಾಮಣಿ ಅವರ ಹಾಡುಗಾರಿಕೆ, ಟಿ.ಎ.ಎಸ್. ಮಣಿ ಅವರ ಮೃದಂಗ, ಆರ್.ಎ. ರಾಜಗೋಪಾಲ್ ಅವರ ಘಟ ಮೋರ್ಚಿಂಗ್, ಟಿ.ಎನ್. ಶಶಿಕುಮಾರ್ ಅವರ ಖಂಜಿರ. ಬಾಸ್ ಇಲ್ಲ. ಬಾಸ್ ಇರಬೇಕಾದ ಜಾಗದಲ್ಲಿ ತಂಬೂರಿ, ಅದನ್ನು ಮೀಟಿದವರು ರಮಾಮಣಿ ಅವರೇ. ತಟ್ಟೆ ಶುರುವಾಗುವುದು ಅವರ ದನಿಯಿಂದ, ಸ್ಯಾಕ್ಸೋಫೋನ್ ಆಮೇಲೆ. ಆಲ್ಬಮ್ಮಿನ ಹೆಸರಿನ ಮೇಲೆ ಮರಿಯಾನೋ ಜೊತೆಗೆ ತಂಡದ ಹೆಸರೂ ಇದೆ. ನನ್ನ ಲೆಕ್ಕದಲ್ಲಿ ಜಂಟಿ ನಾಯಕತ್ವ ಎಂಬ ಮಾತಿಗೆ ನಿಜವಾಗಿ ಹೊಂದುವ ತಟ್ಟೆ ಇದು. ಇದಕ್ಕೆ ಹೋಲಿಸಿದರೆ 'ಹೈ ಸ್ಟೆಪ್'ನದು ಬರಿಯ ಕಾಗದದ ಮೇಲಿನ ಮದುವೆ.

ಕಾಲು ಶತಮಾನದ ನಂತರ, 2008ರಲ್ಲಿ, 'ಕಿನ್ಸ್‌ಮೆನ್' ಬಂತು. ಕದ್ರಿಯವರ ಜೊತೆ ಇನ್ನೊಬ್ಬ ಆಲ್ಟೋ ಸ್ಯಾಕ್ಸೋಫೋನ್ ವಾದಕ ರುದ್ರೇಶ್ ಮಹಾಂತಪ್ಪ. ಹುಟ್ಟಿದ್ದು ಇಟಲಿಯ ಟ್ರಿಯೆಸ್ಟ್‌ನಲ್ಲಿ, ಬೆಳೆದದ್ದು ಅಮೆರಿಕದ ಕೊಲರಾಡೋದಲ್ಲಿ. ಹೆಸರು ಎಲ್ಲಿಯದೆಂದು ಕನ್ನಡಿಗರಿಗೆ ಹೇಳಬೇಕಿಲ್ಲ. ಓದುತ್ತಿದ್ದಾಗ ಅಣ್ಣ ತಮಾಷೆಗೆಂದು ತಂದುಕೊಟ್ಟ ಕದ್ರಿಯವರ ಆಲ್ಬಮ್ ಅವರ ದಾರಿ ಬದಲಿಸಿತು. 'ಕಿನ್ಸ್‌ಮೆನ್'ನಲ್ಲಿ ಎ. ಕನ್ಯಾಕುಮಾರಿ ಅವರ ಪಿಟೀಲು, ಪೂವಲೂರ್ ಶ್ರೀಜಿ ಅವರ ಮೃದಂಗ, ರೆಜ್ ಅಬ್ಬಾಸಿ ಅವರ ಗಿಟಾರ್, ರಾಯಲ್ ಹಾರ್ಟಿಗನ್ ಅವರ ಡ್ರಮ್ಸ್ ಇವೆ, ಕಾರ್ಲೋ ಡಿ ರೋಸಾ ಅವರ ಬಾಸ್ ಇದೆ. ವಿಮರ್ಶಕರು ಎರಡು ಸ್ಯಾಕ್ಸೋಫೋನುಗಳ ಜಟಾಪಟಿಯನ್ನು ಹೊಗಳಿದರು, ಅದು ಸರಿಯೇ. ನನ್ನ ಕಿವಿ ಮಾತ್ರ ಬಾಸಿನ ಹಿಂದೆ ಹೋಯಿತು. ಷಡ್ಜ ಕದಲಬಾರದು ಎನ್ನುವ ಸಂಗೀತ ಒಂದು ಕಡೆ, ನಡೆಯದಿದ್ದರೆ ಜೀವವಿಲ್ಲ ಎನ್ನುವ ಸಂಗೀತ ಇನ್ನೊಂದು ಕಡೆ. ಎರಡಕ್ಕೂ ಜವಾಬು ಹೇಳಬೇಕಾದ್ದು ಆ ಒಬ್ಬ ಮನುಷ್ಯ.

ಗುಂಡ್ಲುಪೇಟೆ ಸೀಮೆಯ ಮದುವೆಗಳಲ್ಲಿ ಈಗ ಸ್ಯಾಕ್ಸೋಫೋನ್ ಇಲ್ಲದೆ ನಡೆಯುವುದು ಕಡಿಮೆ. ಹಿತ್ತಾಳೆಯ ಹೊಳಪು, ಮೈಕಿಗೆ ಹೊಂದುವ ದನಿ, ಕೀರ್ತನೆ ಮುಗಿದ ಕೂಡಲೇ ಸಿನಿಮಾ ಹಾಡು. ಇದಕ್ಕೆ ನಾಗಸ್ವರ ಸರಿಗಟ್ಟುವುದು ಕಷ್ಟ. ಜೊತೆಗೆ ಡೋಲು. ಶ್ರುತಿಗೆ ಒಂದು ಸಣ್ಣ ಪೆಟ್ಟಿಗೆ ಅಥವಾ ಮೊಬೈಲು. ಈ ಎಲೆಕ್ಟ್ರಾನಿಕ್ ಶ್ರುತಿಯೂ ನಮ್ಮ ರಾಜ್ಯದ್ದೇ ಸರಕು. 1970ರ ದಶಕದ ಕೊನೆಯಲ್ಲಿ ಬೆಂಗಳೂರಿನ ಎಂಜಿನಿಯರ್, ಕೊಳಲು ವಾದಕ ಜಿ. ರಾಜ್‌ನಾರಾಯಣ್ ಅದನ್ನು ರೂಪಿಸಿ ರಾಡೆಲ್ ಕಂಪನಿಯ ಮೂಲಕ ಮನೆಮನೆಗೆ ಮುಟ್ಟಿಸಿದರು. ಒಬ್ಬರೇ ಕೂತು ಅಭ್ಯಾಸ ಮಾಡುವವರಿಗೆ ಅದು ದೊಡ್ಡ ಉಪಕಾರ. ಮೇಳಕ್ಕೂ ಒಬ್ಬರ ಕೂಲಿ ಉಳಿಯಿತು. ಆದರೆ ಉಳಿದ ಆ ಕೂಲಿಯ ಜಾಗದಲ್ಲೇ ಹುಡುಗ ನಿಂತಿರುತ್ತಿದ್ದ. ಹತ್ತು ವರ್ಷದ ಹುಡುಗನ ಕೈಗೆ ಸ್ಯಾಕ್ಸೋಫೋನ್ ಕೊಟ್ಟು ಮಂಟಪದಲ್ಲಿ ಕೂರಿಸಲಾಗದು. ಒತ್ತು ಕೊಟ್ಟು ಕೂರಿಸಬಹುದಿತ್ತು. ಈಗ ಮೇಳದೊಳಗೆ ಕಲಿಯುವವನಿಗೆ ಎಂದು ಬಿಟ್ಟ ಜಾಗ ಯಾವುದೂ ಇಲ್ಲ. ಕಲಿಯಬೇಕೆಂದರೆ ಮೈಸೂರಿಗೆ ಹೋಗಿ ಫೀಸು ಕೊಟ್ಟು ಕಲಿಯಬೇಕು. ಹೋಗಿ ಕಲಿತವರೂ ಇದ್ದಾರೆ, ಚೆನ್ನಾಗಿ ನುಡಿಸುತ್ತಾರೆ. ಹೋಗಲಾಗದವರು ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಸುತ್ತ ಬೇರೆ ಬೇರೆ ಕೆಲಸದಲ್ಲಿದ್ದಾ‌ರೆ.

ಆ ಖಾಲಿ ಕಲಮು ತುಂಬಿಸಲು ನಾನು ಹುಡುಕಿದ ಶ್ರುತಿ ಹಿಡಿದವರಲ್ಲಿ ಸಿಕ್ಕಿದವರು ಕೆಲವರೇ. ಅವರಲ್ಲೊಬ್ಬರಿಗೆ ಎಪ್ಪತ್ತು ದಾಟಿದೆ. ಅಣ್ಣ ನಾಗಸ್ವರ, ಇವರು ಒತ್ತು.

"ಎಂಟ್ನೇ ವಯಸ್ಸಿಂದ ಹಿಡ್ದೋನು ಕನಪ್ಪ. ಅಣ್ಣ ನಿಲ್ಸುದ್ರೂ ನಾ ನಿಲ್ಸಂಗಿಲ್ಲ."

"ಎಷ್ಟು ವರ್ಷ ಹಿಡಿದ್ರಿ ತಾತ?"

"ಅಣ್ಣ ಸಾಯಗಂಟ."

ನೀವೇ ನಾಗಸ್ವರ ಊದಲಿಲ್ಲವೇ ಎಂದು ಕೇಳಿದೆ. ಊದಲು ಬರುತ್ತದೆ, ಅಣ್ಣ ಊದಿದ್ದೆಲ್ಲ ಬರುತ್ತದೆ, ಆದರೆ ಆಗ ಶ್ರುತಿ ಹಿಡಿಯುವವರು ಯಾರು ಎಂದರು. ನನ್ನ ಪುಸ್ತಕದಲ್ಲಿ ಹೆಸರು ಬರೆದುಕೊಳ್ಳಲು ಹೋದಾಗ ಮೊದಲು ಅಣ್ಣನದು ಬರ್ಕೊ ಎಂದರು. ಅಣ್ಣನ ಹೆಸರು ನನ್ನಲ್ಲಿ ಆಗಲೇ ಇತ್ತು, ನಾಲ್ಕು ಕಡೆ ಬೇರೆಯವರು ಹೇಳಿದ್ದರು. ಇವರದು ಅಂದೇ ಮೊದಲು. ಒತ್ತು ಉಳಿದಿರಲಿಲ್ಲ, ಗೆದ್ದಲು ಹಿಡಿದು ಒಲೆಗೆ ಹೋಯಿತಂತೆ. ಉಸಿರು ಹೇಗೆ ತಿರುಗಿಸುತ್ತಿದ್ದಿರಿ ಎಂದು ಕೇಳಿದ್ದಕ್ಕೆ ಹಿತ್ತಿಲಿನಿಂದ ಪಪ್ಪಾಯಿ ಎಲೆಯ ದಂಟು ಮುರಿದು ತರಿಸಿ, ಲೋಟದ ನೀರಿಗೆ ಅದ್ದಿ ಊದಲು ಶುರುಮಾಡಿದರು. ಕೆನ್ನೆ ಉಬ್ಬಿತು, ಮೂಗು ಅರಳಿತು, ಗುಳ್ಳೆ ನಿಲ್ಲಲಿಲ್ಲ. ಶನಿವಾರ ಭಾನುವಾರ ಸ್ಯಾಕ್ಸೋಫೋನಿನವರ ಜೊತೆ ಡೋಲಿಗೆ ಹೋಗುವ ಮೊಮ್ಮಗ ಬಾಗಿಲಿಗೆ ಒರಗಿ ನಿಂತು, ಮೊಬೈಲಿನಲ್ಲಿ ಹೊತ್ತು ನೋಡುತ್ತಿದ್ದ.